ಅದೇ ಸಿನಿಮಾ, ಎರಡು ಡಿಸ್ಕ್: ಮನೆಯ ಟಿವಿಯಲ್ಲಿ ವ್ಯತ್ಯಾಸ ಕಾಣುವುದು ಯಾವಾಗ?

ಡಿವಿಡಿಯಲ್ಲಿ ಈಗಾಗಲೇ ಇರುವ ಸಿನಿಮಾವನ್ನು ಬ್ಲೂ-ರೇಯಲ್ಲಿ ಮತ್ತೆ ಕೊಳ್ಳಬೇಕೇ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಎರಡೇ ಪ್ರಶ್ನೆ: ನಿಮ್ಮ ಟಿವಿ ಎಷ್ಟು ಇಂಚಿನದು, ಅದರಿಂದ ಎಷ್ಟು ದೂರ ಕೂರುತ್ತೀರಿ? ಪ್ಲೇಯರ್ ಯಾವ ಕಂಪನಿಯದು, ಟಿವಿಯ ಡಬ್ಬದ ಮೇಲೆ ಯಾವ ಸ್ಟಿಕ್ಕರ್ ಇತ್ತು ಎಂಬುದೆಲ್ಲ ಆಮೇಲಿನ ಮಾತು. ಇದನ್ನು ಕೇಳಿದವರಿಗೆ ಕೊಂಚ ನಿರಾಸೆಯಾಗುವುದುಂಟು. ಎಚ್‌ಡಿ ಅಂದಮೇಲೆ ಚೆನ್ನಾಗಿ ಕಾಣಲೇಬೇಕಲ್ಲವೇ ಎಂಬ ನಿರೀಕ್ಷೆ ಸಹಜವೇ. ಡಿಸ್ಕಿನ ಮೇಲೆ ಹೆಚ್ಚು ಮಾಹಿತಿ ಇದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಮಾಹಿತಿ ಡಿಸ್ಕಿನಿಂದ ಹೊರಟು ಪ್ಲೇಯರ್, ಕೇಬಲ್, ಪರದೆ, ಕೋಣೆ ಎಲ್ಲವನ್ನೂ ದಾಟಿ ನಿಮ್ಮ ಕಣ್ಣಿಗೆ ಬಂದು ಸೇರಬೇಕು. ಈ ದಾರಿಯಲ್ಲಿ ಅದು ಸೋರಿಹೋಗುವ ಜಾಗಗಳು ಹಲವಾರಿವೆ, ಅವುಗಳಲ್ಲಿ ತೀರ ದೊಡ್ಡದು ಸೋಫಾಗೂ ಟಿವಿಗೂ ನಡುವಿನ ಅಂತರ.

ಮೊದಲು ಡಿಸ್ಕಿನ ಮೇಲೆ ಏನಿದೆ ಅಂತ ನೋಡಿಬಿಡೋಣ.

1996ರ ಕೊನೆಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಡಿವಿಡಿಯನ್ನು ರೂಪಿಸಿದ್ದೇ ಆ ಕಾಲದ ಟಿವಿಗಳಿಗಾಗಿ. ಪಾಲ್ ಎಂಬ ಟಿವಿ ಪದ್ಧತಿಯ ದೇಶಗಳಲ್ಲಿ (ಭಾರತದಂಥವು) ಅದರ ಚಿತ್ರ 720×576 ಪಿಕ್ಸೆಲ್, ಎನ್‌ಟಿಎಸ್‌ಸಿ ಎಂಬ ಇನ್ನೊಂದು ಪದ್ಧತಿಯ ದೇಶಗಳಲ್ಲಿ (ಅಮೆರಿಕದಂಥವು) 720×480. 2006ರಲ್ಲಿ ಬಂದ ಬ್ಲೂ-ರೇಯದು 1920×1080. ಗುಣಿಸಿ ನೋಡಿ: ಪಾಲ್ ಡಿವಿಡಿಯ ಒಂದು ಫ್ರೇಮಿನಲ್ಲಿ 4,14,720 ಪಿಕ್ಸೆಲ್‌ಗಳಿದ್ದರೆ ಬ್ಲೂ-ರೇಯ ಒಂದು ಫ್ರೇಮಿನಲ್ಲಿ 20,73,600. ಸರಿಯಾಗಿ ಐದು ಪಟ್ಟು. ಎನ್‌ಟಿಎಸ್‌ಸಿ ಡಿವಿಡಿಗೆ ಹೋಲಿಸಿದರೆ ಸರಿಯಾಗಿ ಆರು ಪಟ್ಟು.

ಎರಡೂ 12 ಸೆಂಟಿಮೀಟರ್ ಅಗಲದ ಡಿಸ್ಕ್‌ಗಳೇ, ಕೈಯಲ್ಲಿ ಹಿಡಿದರೆ ಹೆಚ್ಚು ವ್ಯತ್ಯಾಸ ಗೊತ್ತಾಗುವುದಿಲ್ಲ. ವ್ಯತ್ಯಾಸವಿರುವುದು ಓದುವ ಬೆಳಕಿನಲ್ಲಿ. ಡಿವಿಡಿಯನ್ನು ಓದುವುದು 650 ನ್ಯಾನೊಮೀಟರ್ ತರಂಗಾಂತರದ ಕೆಂಪು ಲೇಸರ್. ಬ್ಲೂ-ರೇಯದು 405 ನ್ಯಾನೊಮೀಟರಿನ ನೀಲಿ-ನೇರಳೆ ಲೇಸರ್. ತರಂಗಾಂತರ ಕಿರಿದಾದಷ್ಟೂ ಬೆಳಕಿನ ಚುಕ್ಕಿಯನ್ನು ಸಣ್ಣದು ಮಾಡಬಹುದು. ಚುಕ್ಕಿ ಸಣ್ಣದಾದಷ್ಟೂ ಡಿಸ್ಕಿನ ಮೇಲಿನ ಸಾಲುಗಳನ್ನು ಒತ್ತೊತ್ತಾಗಿ ಹಾಕಬಹುದು. ಡಿವಿಡಿಯಲ್ಲಿ ಸಾಲಿಗೂ ಸಾಲಿಗೂ ನಡುವಿನ ಅಂತರ 0.74 ಮೈಕ್ರೋಮೀಟರ್, ಬ್ಲೂ-ರೇಯಲ್ಲಿ 0.32. ಹೀಗಾಗಿ ಡಿವಿಡಿಯ ಒಂದು ಪದರದಲ್ಲಿ 4.7 ಜಿಬಿ, ಎರಡು ಪದರದಲ್ಲಿ 8.5 ಜಿಬಿ ಹಿಡಿಸಿದರೆ, ಬ್ಲೂ-ರೇಯಲ್ಲಿ 25 ಮತ್ತು 50 ಜಿಬಿ ಹಿಡಿಸುತ್ತದೆ. 2006ರಲ್ಲೇ ಬ್ಲೂ-ರೇಗೆ ಪೈಪೋಟಿಯಾಗಿ ತೋಷಿಬಾ ಮುಂದೆ ನಿಂತು ತಂದ ಎಚ್‌ಡಿ ಡಿವಿಡಿ ಕೂಡ ನೀಲಿ ಲೇಸರನ್ನೇ ಬಳಸಿತ್ತು, ಅದರಲ್ಲಿ 15 ಮತ್ತು 30 ಜಿಬಿ ಜಾಗವಿತ್ತು. 2008ರ ಜನವರಿಯಲ್ಲಿ ವಾರ್ನರ್ ಬ್ರದರ್ಸ್ ಬ್ಲೂ-ರೇ ಕಡೆಗೆ ವಾಲಿತು. ಫೆಬ್ರವರಿಯಲ್ಲಿ ತೋಷಿಬಾ ಕೈಚೆಲ್ಲಿತು. ಚಿತ್ರದ ಗುಣಮಟ್ಟದಲ್ಲಿ ಸೋತ ಡಿಸ್ಕ್ ಅದಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು.

ಪಿಕ್ಸೆಲ್‌ಗಳ ಲೆಕ್ಕದಲ್ಲಿ ಬಹಳ ಜನ ಗಮನಿಸದ ಒಂದು ಸೂಕ್ಷ್ಮವಿದೆ. ಅಗಲ ಪರದೆಯ ಸಿನಿಮಾಗಳಲ್ಲಿ ಮೇಲೂ ಕೆಳಗೂ ಕಪ್ಪು ಪಟ್ಟಿ ಇರುತ್ತದಲ್ಲ, ಆ ಪಟ್ಟಿಯೂ ಡಿಸ್ಕಿನ ಪಿಕ್ಸೆಲ್‌ಗಳನ್ನೇ ತಿನ್ನುತ್ತದೆ. 2.35:1 ಅನುಪಾತದ ಸಿನಿಮಾವನ್ನು ಬ್ಲೂ-ರೇಯಲ್ಲಿ ಹಾಕಿದರೆ 1080 ಸಾಲುಗಳಲ್ಲಿ ಚಿತ್ರಕ್ಕೆ ಸಿಗುವುದು ಸುಮಾರು 817. ಪಾಲ್ ಡಿವಿಡಿಯಲ್ಲಿ ಸುಮಾರು 436, ಎನ್‌ಟಿಎಸ್‌ಸಿ ಡಿವಿಡಿಯಲ್ಲಿ 363. ಇದೂ ಡಿವಿಡಿಯನ್ನು ಸರಿಯಾಗಿ, ಅಂದರೆ ಅನಾಮಾರ್ಫಿಕ್ ವಿಧಾನದಲ್ಲಿ (ಅಗಲದ ಚಿತ್ರವನ್ನು ಅಡ್ಡಕ್ಕೆ ಹಿಂಡಿ ಡಿಸ್ಕಿನಲ್ಲಿಟ್ಟು, ನೋಡುವಾಗ ಮತ್ತೆ ಅಗಲಿಸುವುದು) ತಯಾರಿಸಿದ್ದರೆ ಮಾತ್ರ. ಆರಂಭದ ದಿನಗಳ ಎಷ್ಟೋ ಡಿವಿಡಿಗಳನ್ನು 4:3 ಆಕಾರದ ಟಿವಿಗೆಂದೇ ಮಾಡಿದ್ದರು. ಅಂಥ ಎನ್‌ಟಿಎಸ್‌ಸಿ ಡಿಸ್ಕಿನಲ್ಲಿ ಇದೇ ಸಿನಿಮಾಕ್ಕೆ ಉಳಿಯುವುದು ಬರೀ 272 ಸಾಲು. ಮಿಕ್ಕದ್ದೆಲ್ಲ ಕಪ್ಪು. ಈಗಿನ ಟಿವಿಯಲ್ಲಿ ಅದನ್ನು ಹಾಕಿದರೆ ಪರದೆಯ ನಡುವೆ ಒಂದು ಸಣ್ಣ ಕಿಟಕಿಯಷ್ಟೇ ಚಿತ್ರ, ನಾಲ್ಕೂ ಕಡೆ ಕಪ್ಪು. ಜೂಮ್ ಒತ್ತಿ ಹಿಗ್ಗಿಸಿದರೆ ಮುಖಗಳು ಮಸುಕಾಗುತ್ತವೆ. ನಿಮ್ಮ ಕಪಾಟಿನಲ್ಲಿ ಅಂಥ ಡಿಸ್ಕ್ ಇದ್ದರೆ ಯಾವ ಚರ್ಚೆಯೂ ಬೇಡ, ಬ್ಲೂ-ರೇ ಖಂಡಿತವಾಗಿ ಮೇಲು.

ಕಣ್ಣು ಎಷ್ಟು ನೋಡಬಲ್ಲದು

ಈಗ ಆ ಎರಡು ಪ್ರಶ್ನೆಗಳಿಗೆ ಬರೋಣ.

ಕಣ್ಣಿನ ವೈದ್ಯರು 6/6 ಎಂದು ಕರೆಯುವ ಸಾಮಾನ್ಯ ದೃಷ್ಟಿಗೆ ಒಂದು ಮಿತಿ ಇದೆ. ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿದರೆ ಸಿಗುವ ಕೋನಕ್ಕೆ ಒಂದು ಆರ್ಕ್‌ಮಿನಿಟ್ ಎನ್ನುತ್ತಾರೆ. ಎರಡು ವಿವರಗಳ ನಡುವಿನ ಕೋನ ಇದಕ್ಕಿಂತ ಚಿಕ್ಕದಾದರೆ ಕಣ್ಣಿಗೆ ಅವು ಬೇರೆಬೇರೆಯಾಗಿ ಕಾಣುವುದಿಲ್ಲ, ಒಂದರಲ್ಲೊಂದು ಬೆರೆತುಹೋಗುತ್ತವೆ. ಟಿವಿಯ ಒಂದೊಂದು ಪಿಕ್ಸೆಲ್‌ಗೂ ಇದೇ ನಿಯಮ. ಹಿಂದೆ ಹಿಂದೆ ಸರಿದಂತೆ ಪಿಕ್ಸೆಲ್ ಕಣ್ಣಿನಲ್ಲಿ ಮಾಡುವ ಕೋನ ಕಿರಿದಾಗುತ್ತ ಹೋಗಿ, ಒಂದು ಹಂತದಲ್ಲಿ ಮಿತಿಯ ಕೆಳಗೆ ಇಳಿಯುತ್ತದೆ. ಅಲ್ಲಿಂದ ಆಚೆಗೆ ಪರದೆಯಲ್ಲಿ ಎಷ್ಟೇ ಪಿಕ್ಸೆಲ್ ಇದ್ದರೂ ಕಣ್ಣಿಗೆ ಅದರ ಲಾಭವಿಲ್ಲ.

16:9 ಆಕಾರದ ಟಿವಿಗೆ ಈ ಲೆಕ್ಕ ಹಾಕುವುದು ಸುಲಭ. ಬ್ಲೂ-ರೇಯ 1080 ಸಾಲುಗಳು ಕಣ್ಣಿನ ಮಿತಿಗೆ ಬಂದು ನಿಲ್ಲುವುದು ಪರದೆಯ ಕರ್ಣದ ಸುಮಾರು 1.6 ಪಟ್ಟು ದೂರದಲ್ಲಿ. ಪಾಲ್ ಡಿವಿಡಿಯ 576 ಸಾಲುಗಳಿಗೆ ಈ ದೂರ ಕರ್ಣದ ಸುಮಾರು 2.9 ಪಟ್ಟು, ಎನ್‌ಟಿಎಸ್‌ಸಿಯ 480 ಸಾಲುಗಳಿಗೆ ಸುಮಾರು 3.5 ಪಟ್ಟು. ಟಿವಿಯ ಇಂಚು ಎಂದರೆ ಕರ್ಣದ ಅಳತೆಯೇ ಆದ್ದರಿಂದ ನೇರವಾಗಿ ಗುಣಿಸಿದರೆ ಸಾಕು.

40 ಇಂಚಿನ ಟಿವಿ ತೆಗೆದುಕೊಳ್ಳಿ. ಸುಮಾರು ಐದು ಅಡಿಯೊಳಗೆ ಕೂತರೆ ಬ್ಲೂ-ರೇಯಲ್ಲಿ ಇರುವುದೆಲ್ಲ ನಿಮ್ಮ ಕಣ್ಣಿಗೆ ಸಿಗುತ್ತದೆ. ಹತ್ತು ಅಡಿಯ ಹತ್ತಿರ ಬಂದರೆ ಪಾಲ್ ಡಿವಿಡಿಯ ಸಾಲುಗಳೂ ಕಣ್ಣಿನ ಮಿತಿ ತಲುಪಿಬಿಡುತ್ತವೆ, ಅಂದರೆ ಅಲ್ಲಿ ಬ್ಲೂ-ರೇಯ ಹೆಚ್ಚಿನ ಸಾಲುಗಳಿಗೆ ಕೆಲಸವೇ ಉಳಿಯುವುದಿಲ್ಲ. ನಡುವೆ ಎಲ್ಲೇ ಕೂತರೂ ಲಾಭ ಭಾಗಶಃ, ಹತ್ತಿರವಾದಷ್ಟೂ ಹೆಚ್ಚು. 32 ಇಂಚಿನ ಟಿವಿಯಲ್ಲಿ ಈ ಎರಡು ಗಡಿಗಳು ಸುಮಾರು ನಾಲ್ಕು ಅಡಿ ಮತ್ತು ಎಂಟು ಅಡಿ. ಅದೇ 65 ಇಂಚಿಗೆ ಹೋದರೆ ಎಂಟೂವರೆ ಅಡಿ ಮತ್ತು ಸುಮಾರು ಹದಿನಾರು ಅಡಿ. ಈಗ ಗೊತ್ತಾಯಿತಲ್ಲ, ಒಬ್ಬರು 'ಡಿವಿಡಿಯೇ ಸಾಕು, ಏನೂ ವ್ಯತ್ಯಾಸವಿಲ್ಲ' ಎಂದೂ ಇನ್ನೊಬ್ಬರು 'ಡಿವಿಡಿ ನೋಡೋಕೇ ಆಗಲ್ಲ' ಎಂದೂ ವಾದಿಸುವುದು ಯಾಕೆಂದು. ಮೊದಲನೆಯವರು 32 ಇಂಚಿನ ಟಿವಿಯ ಮುಂದೆ ಹತ್ತು ಅಡಿ ದೂರ ಕೂತಿದ್ದಾರೆ, ಎರಡನೆಯವರು 65 ಇಂಚಿನ ಮುಂದೆ ಎಂಟು ಅಡಿಯಲ್ಲಿ. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ.

ಈ ಗಡಿಗಳನ್ನು ಗೋಡೆ ಎಂದು ತಿಳಿಯಬಾರದು. ಎಳೆಯ ವಯಸ್ಸಿನ ಆರೋಗ್ಯವಂತ ಕಣ್ಣು 6/6ಕ್ಕಿಂತ ಚೆನ್ನಾಗಿ ನೋಡುತ್ತದೆ. ಓರೆ ಗೆರೆಯಲ್ಲಿನ ಮೆಟ್ಟಿಲು ಮೆಟ್ಟಿಲಾದ ಅಂಚನ್ನು ಗುರುತಿಸುವಾಗಲಂತೂ ಕಣ್ಣಿನ ಸೂಕ್ಷ್ಮತೆ ಇನ್ನೂ ಹೆಚ್ಚು. ಜೊತೆಗೆ ಡಿವಿಡಿಯ 720 ಪಿಕ್ಸೆಲ್‌ಗಳನ್ನು ಅಡ್ಡಡ್ಡ ಎಳೆದು 16:9 ಪರದೆ ತುಂಬಿಸುತ್ತಾರಾದ್ದರಿಂದ ಅಡ್ಡಲಾಗಿ ಅದರ ಕೊರತೆ ಇನ್ನಷ್ಟು ದೂರದ ತನಕ ಕಾಣುತ್ತದೆ. ಆದರೂ ಟಿವಿಯ ಅಳತೆ ಮತ್ತು ಕೂರುವ ದೂರ ಗೊತ್ತಿಲ್ಲದೆ ಯಾರಾದರೂ ಈ ವಿಷಯದಲ್ಲಿ ತೀರ್ಪು ಕೊಟ್ಟರೆ ಅದನ್ನು ನಾನು ನಂಬುವುದಿಲ್ಲ.

ದೂರ ಹೋದರೂ ಉಳಿಯುವ ವ್ಯತ್ಯಾಸಗಳು

ರೆಸಲ್ಯೂಶನ್, ಅಂದರೆ ಪಿಕ್ಸೆಲ್‌ಗಳ ಸಂಖ್ಯೆ, ಒಂದೇ ವಿಷಯವಾಗಿದ್ದರೆ ಮಾತು ಇಲ್ಲಿಗೇ ಮುಗಿಯುತ್ತಿತ್ತು. ದೂರದಿಂದ ನೋಡಿದಾಗಲೂ ಬ್ಲೂ-ರೇ ಚಿತ್ರ 'ಏನೋ ಒಂಥರಾ ಶುಭ್ರವಾಗಿದೆ' ಎಂದು ಅನೇಕರಿಗೆ ಅನ್ನಿಸುವುದಕ್ಕೆ ಬೇರೆ ಕಾರಣಗಳಿವೆ.

ಮೊದಲನೆಯದು ಬಣ್ಣ. ಎರಡೂ ಬಗೆಯ ಡಿಸ್ಕ್‌ಗಳು ಜಾಗ ಉಳಿಸಲು ಬೆಳಕಿನ ಏರಿಳಿತವನ್ನು ಪೂರ್ತಿ ವಿವರದಲ್ಲೂ, ಬಣ್ಣವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧ ವಿವರದಲ್ಲೂ ಇಡುತ್ತವೆ. ಕಣ್ಣು ಬಣ್ಣದ ವಿಷಯದಲ್ಲಿ ಅಷ್ಟು ಚೂಟಿಯಲ್ಲ ಎಂಬ ಆಧಾರದ ಮೇಲೆ ಮಾಡಿದ ಉಳಿತಾಯ ಇದು. ಹಾಗಾಗಿ ಪಾಲ್ ಡಿವಿಡಿಯ ಬಣ್ಣದ ಪದರ ಬರೀ 360×288. ಬ್ಲೂ-ರೇಯ ಬಣ್ಣದ ಪದರ 960×540. ಅಂದರೆ ಬ್ಲೂ-ರೇಯಲ್ಲಿ ಅರ್ಧಕ್ಕಿಳಿಸಿದ ಬಣ್ಣಕ್ಕೇ ಡಿವಿಡಿಯ ಇಡೀ ಚಿತ್ರಕ್ಕಿರುವುದಕ್ಕಿಂತ ಹೆಚ್ಚು ಪಿಕ್ಸೆಲ್‌ಗಳಿವೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಅಕ್ಷರಗಳಿರುವ ಟೈಟಲ್ ಕಾರ್ಡ್ ಹುಡುಕಿ, ಅಲ್ಲಿ ತಡೆದು ನಿಲ್ಲಿಸಿ. ಡಿವಿಡಿಯಲ್ಲಿ ಕೆಂಪು ಅಕ್ಷರದ ಅಂಚು ಮೀರಿ ಆಚೆಗೆ ಹರಡಿರುತ್ತದೆ, ಅಕ್ಷರದ ಒಳಗಿನ ಸಣ್ಣ ಖಾಲಿ ಜಾಗಗಳು ಮುಚ್ಚಿಹೋಗಿರುತ್ತವೆ. ಬ್ಲೂ-ರೇಯಲ್ಲಿ ಅದೇ ಅಕ್ಷರ ತನ್ನ ಗೆರೆಯೊಳಗೇ ನಿಲ್ಲುತ್ತದೆ. ತುಟಿಯ ಬಣ್ಣ, ಉಡುಪಿನ ಅಂಚು, ದೂರದ ದೀಪಗಳು, ಎಲ್ಲಕ್ಕೂ ಇದೇ ಕಥೆ.

ಎರಡನೆಯದು ಕಂಪ್ರೆಶನ್, ಅಂದರೆ ಜಾಗ ಉಳಿಸಲು ಮಾಹಿತಿಯನ್ನು ಅದುಮಿಡುವುದು. ಡಿವಿಡಿ ಬಳಸುವುದು ಎಂಪೆಗ್-2 ಎಂಬ ಹಳೆಯ ವಿಧಾನ, ವಿಡಿಯೊಗೆ ಸೆಕೆಂಡಿಗೆ ಹೆಚ್ಚೆಂದರೆ 9.8 ಮೆಗಾಬಿಟ್. ಬ್ಲೂ-ರೇಗೆ 40 ಮೆಗಾಬಿಟ್‌ವರೆಗೆ ಅವಕಾಶವಿದೆ. ಜೊತೆಗೆ ಹೆಚ್ಚಿನ ಬ್ಲೂ-ರೇಗಳು ಬಳಸುವ ಎಚ್.264 ಎಂಬ ಹೊಸ ವಿಧಾನ ಅಷ್ಟೇ ಬಿಟ್‌ಗಳಲ್ಲಿ ಎಂಪೆಗ್-2ಕ್ಕಿಂತ ಬಹಳ ಚೆನ್ನಾದ ಚಿತ್ರ ಕೊಡುತ್ತದೆ. ಎಂಪೆಗ್-2 ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಕೆಲಸ ಮಾಡುತ್ತದೆ. ಮಳೆ, ಹೊಗೆ, ಓಡುವ ನೀರು, ಗಾಳಿಗೆ ಅಲ್ಲಾಡುವ ಎಲೆಗಳು, ಅಂದರೆ ಫ್ರೇಮಿನಿಂದ ಫ್ರೇಮಿಗೆ ಎಲ್ಲವೂ ಬದಲಾಗುವ ದೃಶ್ಯ ಬಂದಾಗ ಬಿಟ್ ಸಾಲದೆ ಆ ಚೌಕಗಳು ಬಯಲಾಗುತ್ತವೆ. ಚೂಪಾದ ಅಂಚುಗಳ ಸುತ್ತ ಸೊಳ್ಳೆ ಮುತ್ತಿದ ಹಾಗೆ ಸಣ್ಣ ಸಣ್ಣ ಕಲೆಗಳು ಮಿಣುಗುತ್ತವೆ. ಈ ಚಲನೆ ಹತ್ತು ಅಡಿ ದೂರಕ್ಕೂ ಕಾಣುತ್ತದೆ, ಏಕೆಂದರೆ ಒಂದು ಚೌಕ ಒಂದು ಪಿಕ್ಸೆಲ್ ಅಲ್ಲ, ಅರವತ್ತನಾಲ್ಕು ಪಿಕ್ಸೆಲ್‌ಗಳ ಗುಂಪು. ನನ್ನ ಮಟ್ಟಿಗೆ ಬ್ಲೂ-ರೇಯ ಅತಿ ದೊಡ್ಡ ಸುಖ ಇದೇ: ಹೊಗೆ ಹೊಗೆಯ ಹಾಗೆ ಕಾಣುತ್ತದೆ, ಕತ್ತಲೆ ದೃಶ್ಯದ ಗೋಡೆಯ ಮೇಲೆ ಚೌಕಗಳು ಹರಿದಾಡುವುದಿಲ್ಲ.

ಮೂರನೆಯದು ಚಲನೆ. ಸಿನಿಮಾವನ್ನು ಚಿತ್ರೀಕರಿಸುವುದು ಸೆಕೆಂಡಿಗೆ 24 ಫ್ರೇಮಿನಂತೆ. ಎನ್‌ಟಿಎಸ್‌ಸಿ ಡಿವಿಡಿಯಿಂದ ಹೊರಬರುವ ಸಿಗ್ನಲ್‌ಗೆ ಸೆಕೆಂಡಿಗೆ ಸುಮಾರು 60 ಫೀಲ್ಡ್‌ಗಳು ಬೇಕು, ಪ್ರತಿ ಫೀಲ್ಡ್ ಎಂದರೆ ಅರ್ಧ ಚಿತ್ರ. ಲೆಕ್ಕ ಹೊಂದಿಸಲು ಒಂದು ಫ್ರೇಮನ್ನು ಮೂರು ಫೀಲ್ಡ್, ಮುಂದಿನದನ್ನು ಎರಡು ಫೀಲ್ಡ್ ತೋರಿಸುತ್ತಾರೆ. ಕ್ಯಾಮೆರಾ ನಿಧಾನವಾಗಿ ಎಡದಿಂದ ಬಲಕ್ಕೆ ಸರಿಯುವ ದೃಶ್ಯದಲ್ಲಿ ಇದು ಸಣ್ಣ ಕುಂಟಾಟವಾಗಿ ಕಾಣುತ್ತದೆ. ಪಾಲ್ ಡಿವಿಡಿಯಲ್ಲಿ ಕುಂಟಾಟವಿಲ್ಲ, ಆದರೆ 24 ಫ್ರೇಮಿನ ಸಿನಿಮಾವನ್ನು 25ರಂತೆ ಓಡಿಸುತ್ತಾರೆ, ಅಂದರೆ ಸಿನಿಮಾ ಶೇಕಡ 4ರಷ್ಟು ಬೇಗ ಮುಗಿಯುತ್ತದೆ. ಎರಡು ಗಂಟೆಯ ಸಿನಿಮಾ ಐದು ನಿಮಿಷದಷ್ಟು ಮೊದಲೇ ಮುಗಿದಿರುತ್ತದೆ, ಸರಿಪಡಿಸದಿದ್ದರೆ ಹಾಡಿನ ಶ್ರುತಿಯೂ ಒಂದಿಷ್ಟು ಏರಿರುತ್ತದೆ. ಬ್ಲೂ-ರೇ ಸಿನಿಮಾವನ್ನು 24 ಫ್ರೇಮಿನಲ್ಲೇ ಇಟ್ಟಿರುತ್ತದೆ. ಟಿವಿಯೂ ಅದನ್ನು ಹಾಗೆಯೇ ತೋರಿಸುವಂತಿದ್ದರೆ ಚಲನೆ ಚಿತ್ರಮಂದಿರದಲ್ಲಿ ಇದ್ದಂತೆಯೇ ಇರುತ್ತದೆ.

ಸಬ್‌ಟೈಟಲ್ ಓದಿಕೊಂಡು ನೋಡುವವರು ಇನ್ನೊಂದನ್ನು ಬೇಗ ಗಮನಿಸುತ್ತಾರೆ. ಡಿವಿಡಿಯ ಸಬ್‌ಟೈಟಲ್ ಅಕ್ಷರಗಳಲ್ಲ, ನಾಲ್ಕೇ ಬಣ್ಣಗಳಲ್ಲಿ ಬಿಡಿಸಿದ ಚಿತ್ರಗಳು, ಅದೂ ಡಿವಿಡಿಯ ರೆಸಲ್ಯೂಶನ್ನಿನಲ್ಲೇ. ದೊಡ್ಡ ಪರದೆಯಲ್ಲಿ ಅವುಗಳ ಅಂಚು ಗರಗಸದ ಹಲ್ಲಿನಂತಿರುತ್ತದೆ. ಬ್ಲೂ-ರೇಯ ಸಬ್‌ಟೈಟಲ್ ಪೂರ್ತಿ ಎಚ್‌ಡಿ, ಅಂಚುಗಳು ನಯ. ಎರಡು ಗಂಟೆ ಓದುತ್ತ ಕೂರುವವರ ಕಣ್ಣಿಗೆ ಇದು ಸಣ್ಣ ವಿಷಯವಲ್ಲ.

ಧ್ವನಿಯ ಬಗ್ಗೆ ಒಂದೇ ಮಾತು: ಬ್ಲೂ-ರೇಯಲ್ಲಿ ಧ್ವನಿಯನ್ನು ಏನೂ ಕಳೆದುಕೊಳ್ಳದಂತೆ ಇಡಬಹುದು, ಡಿವಿಡಿಯ ಡಾಲ್ಬಿ ಡಿಜಿಟಲ್‌ನಲ್ಲಿ ಸಾಧ್ಯವಿಲ್ಲ. ಟಿವಿಯ ಸ್ಪೀಕರ್‌ನಲ್ಲೇ ಕೇಳುವವರಿಗೆ ಇದರ ಪ್ರಯೋಜನ ಕಡಿಮೆ.

ಅಪ್‌ಸ್ಕೇಲಿಂಗ್ ಎಂಬ ನಡುದಾರಿ

'ನನ್ನ ಪ್ಲೇಯರ್ ಡಿವಿಡಿಯನ್ನೇ ಎಚ್‌ಡಿ ಮಾಡಿ ತೋರಿಸುತ್ತದೆ' ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಈಗಿನ ಟಿವಿಯ ಪರದೆಯಲ್ಲಿ ಪಿಕ್ಸೆಲ್‌ಗಳ ಸಂಖ್ಯೆ ನಿಗದಿಯಾಗಿರುವುದರಿಂದ ಡಿವಿಡಿಯ ಚಿತ್ರವನ್ನು ಯಾರಾದರೊಬ್ಬರು ಹಿಗ್ಗಿಸಲೇಬೇಕು, ಪ್ಲೇಯರ್ ಮಾಡದಿದ್ದರೆ ಟಿವಿ ಮಾಡುತ್ತದೆ. ಹಾಗಾಗಿ ಅಪ್‌ಸ್ಕೇಲಿಂಗ್, ಅಂದರೆ ಈ ಹಿಗ್ಗಿಸುವಿಕೆ, ಇಲ್ಲದೆ ಡಿವಿಡಿಯನ್ನು ಈ ಪರದೆಗಳಲ್ಲಿ ನೋಡುವುದೇ ಸಾಧ್ಯವಿಲ್ಲ. ಪ್ರಶ್ನೆ ಅದನ್ನು ಎಷ್ಟು ಚೆನ್ನಾಗಿ ಮಾಡುತ್ತಾರೆ ಎಂಬುದಷ್ಟೇ. ಒಳ್ಳೆಯ ಅಪ್‌ಸ್ಕೇಲರ್ ಮೊದಲು ಅರ್ಧರ್ಧ ಫೀಲ್ಡ್‌ಗಳನ್ನು ಸರಿಯಾಗಿ ಜೋಡಿಸಿ ಪೂರ್ತಿ ಫ್ರೇಮ್ ಮಾಡುತ್ತದೆ, ಆಮೇಲೆ ಅಂಚುಗಳನ್ನು ಒರಟಾಗದಂತೆ ಹಿಗ್ಗಿಸುತ್ತದೆ. ಜೋಡಣೆ ತಪ್ಪಿದರೆ ಓಡುವ ಮನುಷ್ಯನ ಮೈ ಸುತ್ತ ಬಾಚಣಿಗೆಯ ಹಲ್ಲಿನಂಥ ಅಡ್ಡಗೆರೆಗಳು ಏಳುತ್ತವೆ.

ಆದರೆ ಅಪ್‌ಸ್ಕೇಲರ್ ಇಲ್ಲದ ವಿವರವನ್ನು ತಂದುಕೊಡಲಾರದು. ದೂರದ ಬೋರ್ಡಿನ ಮೇಲಿನ ಅಕ್ಷರಗಳು ಡಿವಿಡಿಗೆ ಇಳಿಸುವಾಗಲೇ ನಾಲ್ಕು ಬೂದು ಪಿಕ್ಸೆಲ್‌ಗಳಾಗಿ ಕರಗಿಹೋಗಿದ್ದರೆ, ಅವು ಏನಾಗಿದ್ದವು ಎಂದು ಹೇಳಲು ಡಿಸ್ಕಿನಲ್ಲಿ ಯಾವ ಸುಳಿವೂ ಉಳಿದಿಲ್ಲ. ಮಷಿನ್ ಲರ್ನಿಂಗ್ ಬಳಸುವ ಹೊಸ ಟಿವಿಗಳು ಇಂಥ ಕಡೆ ಊಹಿಸಿ ತುಂಬುತ್ತವೆ. ಊಹೆ ಕೆಲವೊಮ್ಮೆ ಕಣ್ಣಿಗೆ ಹಿತವಾಗಿರುತ್ತದೆ, ಆದರೆ ಅದು ಛಾಯಾಗ್ರಾಹಕರು ಸೆರೆಹಿಡಿದದ್ದಲ್ಲ. ಒಳ್ಳೆಯ ಡಿವಿಡಿ, ಒಳ್ಳೆಯ ಅಪ್‌ಸ್ಕೇಲರ್, ಸಾಧಾರಣ ಗಾತ್ರದ ಟಿವಿ, ಎಂಟು ಹತ್ತು ಅಡಿ ದೂರ: ಈ ನಾಲ್ಕೂ ಸೇರಿದಾಗ ಚಿತ್ರ ತೃಪ್ತಿಕರವಾಗಿರುತ್ತದೆ ಎಂದು ಧೈರ್ಯವಾಗಿ ಹೇಳಬಹುದು.

ಬ್ಲೂ-ರೇ ಹಾಕಿಯೂ ಡಿವಿಡಿ ನೋಡುವುದು

ಬ್ಲೂ-ರೇ ಕೊಂಡು ತಂದು 'ಇದೇನು, ಅಷ್ಟೇ ಇದೆಯಲ್ಲ' ಎನ್ನುವವರ ಮನೆಯಲ್ಲಿ ನಾನು ಮೊದಲು ನೋಡುವುದು ಟಿವಿಯ ಹಿಂಭಾಗ. ಹಳದಿ, ಬಿಳಿ, ಕೆಂಪು ತುದಿಗಳ ಹಳೆಯ ಕೇಬಲ್ ಅಲ್ಲಿ ಇನ್ನೂ ನೇತಾಡುತ್ತಿದ್ದರೆ ಕಾರಣ ಸಿಕ್ಕಿದಂತೆಯೇ. ಆ ಹಳದಿ ಕೇಬಲ್ ಎಚ್‌ಡಿ ಚಿತ್ರವನ್ನು ಸಾಗಿಸಲಾರದು. ಪ್ಲೇಯರ್ 1080 ಸಾಲುಗಳನ್ನು ಓದಿ, ಕುಗ್ಗಿಸಿ, ಬಣ್ಣ ಮತ್ತು ಬೆಳಕನ್ನು ಒಂದೇ ತಂತಿಯಲ್ಲಿ ಬೆರೆಸಿ ಕಳುಹಿಸುತ್ತದೆ. ಕೆಂಪು, ಹಸಿರು, ನೀಲಿ ತುದಿಗಳ ಕಾಂಪೊನೆಂಟ್ ಕೇಬಲ್ ಎಚ್‌ಡಿ ಸಾಗಿಸಬಲ್ಲದಾದರೂ, ನಕಲು ತಡೆಯುವ ನಿಯಮಗಳಿಂದಾಗಿ 2011ರ ನಂತರ ತಯಾರಾದ ಬ್ಲೂ-ರೇ ಪ್ಲೇಯರ್‌ಗಳು ಅದರ ಮೂಲಕ ಬ್ಲೂ-ರೇ ಸಿನಿಮಾವನ್ನು ಎಚ್‌ಡಿಯಲ್ಲಿ ಕೊಡುವುದಿಲ್ಲ. ಎಚ್‌ಡಿಎಂಐ ಬೇಕೇ ಬೇಕು. ಅದೂ ಡಿಜಿಟಲ್ ಸಿಗ್ನಲ್ ಆದ್ದರಿಂದ ದುಬಾರಿ ಕೇಬಲ್‌ನಿಂದ ಚಿತ್ರ ಹೆಚ್ಚು ಚೆನ್ನಾಗುವುದಿಲ್ಲ, ಕೆಟ್ಟುಹೋಗಿಲ್ಲದ ಯಾವ ಕೇಬಲ್ ಆದರೂ ಆಗುತ್ತದೆ.

ಕೇಬಲ್ ಸರಿಯಿದ್ದರೆ ಪ್ಲೇಯರ್‌ನ ಮೆನುವಿಗೆ ಹೋಗಿ ಔಟ್‌ಪುಟ್ ರೆಸಲ್ಯೂಶನ್ 480 ಅಥವಾ 576ಕ್ಕೆ ನಿಂತಿದೆಯೇ ನೋಡಿ. ಆಮೇಲೆ ಟಿವಿಯಲ್ಲಿ ಓವರ್‌ಸ್ಕ್ಯಾನ್ ಆಫ್ ಮಾಡಿ, ಅದು ಅಂಚು ಕತ್ತರಿಸಿ ಉಳಿದ ಚಿತ್ರವನ್ನು ಹಿಗ್ಗಿಸುತ್ತಿರುತ್ತದೆ, ಒಂದಕ್ಕೊಂದು ಕೂರಬೇಕಾದ ಪಿಕ್ಸೆಲ್‌ಗಳು ಇದರಿಂದ ಕದಡುತ್ತವೆ. ಶಾರ್ಪ್‌ನೆಸ್ ಇಳಿಸಿ. ಹೆಸರು ಕೇಳಿ ಅದನ್ನು ಏರಿಸುವವರೇ ಹೆಚ್ಚು, ಆದರೆ ಅದು ಅಂಚುಗಳ ಪಕ್ಕ ಬಿಳಿ ಗೆರೆ ಎಳೆಯುತ್ತದೆಯೇ ಹೊರತು ಯಾವ ವಿವರವನ್ನೂ ಸೇರಿಸುವುದಿಲ್ಲ. ಡಿವಿಡಿಯ ಮಸುಕಿಗೆ ಆ ಗೆರೆ ಕೊಂಚ ಜೀವ ಕೊಟ್ಟಂತೆ ಕಾಣಬಹುದು, ಬ್ಲೂ-ರೇಯಲ್ಲಿ ನಿಜವಾದ ವಿವರವನ್ನೇ ಮುಚ್ಚುತ್ತದೆ. 'ವಿವಿಡ್' ಬಿಟ್ಟು 'ಸಿನಿಮಾ' ಮೋಡ್‌ಗೆ ಬನ್ನಿ. ಕೃತಕವಾಗಿ ಫ್ರೇಮ್ ಸೇರಿಸುವ ಮೋಶನ್ ಸೆಟ್ಟಿಂಗನ್ನೂ ಆಫ್ ಮಾಡಿ ನೋಡಿ, 24 ಫ್ರೇಮಿನ ಸಹಜ ಚಲನೆ ಮರಳುತ್ತದೆ.

ಮಾಸ್ಟರ್ ಹಳತಾದರೆ ಡಿಸ್ಕ್ ಏನು ಮಾಡೀತು

ದೂರ ಸರಿಯಿದೆ, ಕೇಬಲ್ ಸರಿಯಿದೆ, ಸೆಟ್ಟಿಂಗ್ ಸರಿಯಿದೆ, ಆದರೂ ಬ್ಲೂ-ರೇ ಸಪ್ಪೆಯಾಗಿ ಕಂಡರೆ ತಪ್ಪು ಡಿಸ್ಕಿಗೆ ತುಂಬಿದ ಸರಕಿನದು. ಇದು ನನಗೆ ತುಂಬ ಬೇಸರ ತರಿಸುವ ಸಂಗತಿ, ಏಕೆಂದರೆ ನೋಡುವವರು ತಮ್ಮ ಮನೆಯಲ್ಲಿ ಇದನ್ನು ಸರಿಪಡಿಸಿಕೊಳ್ಳಲಾರರು.

35 ಎಂಎಂ ಫಿಲ್ಮಿನ ನೆಗೆಟಿವ್‌ನಲ್ಲಿ 1080 ಸಾಲುಗಳಿಗಿಂತ ಹೆಚ್ಚಿನ ವಿವರ ಅಡಗಿರುತ್ತದೆ. ಹಾಗಾಗಿಯೇ 1950ರ ದಶಕದ ಸಿನಿಮಾ ಕೂಡ ನೆಗೆಟಿವ್ ಚೆನ್ನಾಗಿ ಉಳಿದಿದ್ದು, ಅದನ್ನು ಹೊಸದಾಗಿ ಸ್ಕ್ಯಾನ್ ಮಾಡಿದರೆ ಬ್ಲೂ-ರೇಯಲ್ಲಿ ಬೆರಗಾಗುವಷ್ಟು ತಾಜಾ ಕಾಣುತ್ತದೆ. ಉಣ್ಣೆಯ ಕೋಟಿನ ನೇಯ್ಗೆ, ಕಿವಿಯ ಪಕ್ಕದ ಬಿಡಿ ಕೂದಲು, ಮೇಕಪ್ ಮುಗಿದು ಕತ್ತಿನ ಚರ್ಮ ಶುರುವಾಗುವ ಗೆರೆ ಎಲ್ಲವೂ ಕಾಣುತ್ತವೆ. ಹಳೆಯ ಸಿನಿಮಾಕ್ಕೆ ಡಿವಿಡಿ ಸಾಕು, ಹೊಸದಕ್ಕೆ ಮಾತ್ರ ಬ್ಲೂ-ರೇ ಎಂಬ ನಂಬಿಕೆ ಇದೆಯಲ್ಲ, ಅದು ಅಪ್ಪಟ ತಪ್ಪು. ಎಷ್ಟೋ ಸಲ ನಡೆಯುವುದು ಅದರ ತಿರುಗುಮುರುಗು. ಈ ಶತಮಾನದ ಆರಂಭದಲ್ಲಿ ಕಡಿಮೆ ರೆಸಲ್ಯೂಶನ್ನಿನ ವಿಡಿಯೊ ಕ್ಯಾಮೆರಾಗಳಲ್ಲಿ ತೆಗೆದ ಸಿನಿಮಾಗಳು, ವಿಡಿಯೊಟೇಪಿನಲ್ಲೇ ಎಡಿಟ್ ಆಗಿ ಮುಗಿದ ಟಿವಿ ಧಾರಾವಾಹಿಗಳು ಇವಕ್ಕೆಲ್ಲ ಎಚ್‌ಡಿ ಮೂಲವೇ ಇಲ್ಲ. ಅವುಗಳ ಬ್ಲೂ-ರೇ ಎಂದರೆ ಸ್ಟುಡಿಯೊದಲ್ಲಿ ಅಪ್‌ಸ್ಕೇಲ್ ಮಾಡಿದ ಪ್ರತಿ, ಕಂಪ್ರೆಶನ್ ಮಾತ್ರ ಕೊಂಚ ವಾಸಿ.

ಇನ್ನು ಕೆಲವು ಕಡೆ ನೆಗೆಟಿವ್ ಇದ್ದರೂ ಹೊಸದಾಗಿ ಸ್ಕ್ಯಾನ್ ಮಾಡುವ ಖರ್ಚು ಉಳಿಸಲು ಡಿವಿಡಿ ಕಾಲದಲ್ಲಿ ತಯಾರಾದ ಮಾಸ್ಟರನ್ನೇ, ಅಂದರೆ ಡಿಸ್ಕ್‌ಗಳಿಗೆ ಮೂಲವಾಗುವ ಪ್ರತಿಯನ್ನೇ, ಬ್ಲೂ-ರೇಗೆ ಹಾಕಿಬಿಡುತ್ತಾರೆ. ಆ ಮಾಸ್ಟರಿನಲ್ಲಿ ಹಳೆಯ ಟಿವಿಗಳಿಗೆಂದು ಅಂಚು ಚೂಪು ಮಾಡಿರುತ್ತಾರೆ, ಎಚ್‌ಡಿಯಲ್ಲಿ ಮರಕೊಂಬೆ, ತಂತಿ, ಭುಜದ ಗೆರೆ ಎಲ್ಲಕ್ಕೂ ಬಿಳಿ ಪ್ರಭೆ ಸುತ್ತಿಕೊಂಡು ಕಾಣುತ್ತದೆ. ಇನ್ನೊಂದು ರೋಗ ಗ್ರೇನ್ ಒರೆಸುವುದು. ಫಿಲ್ಮಿನ ಚಿತ್ರ ಉಂಟಾಗುವುದೇ ಗ್ರೇನ್ ಎಂಬ ಸಣ್ಣ ಕಣಗಳಿಂದ. ಅದನ್ನು ಗಲೀಜು ಎಂದು ತಿಳಿದು ಸಾಫ್ಟ್‌ವೇರಿನಿಂದ ಉಜ್ಜಿದರೆ ಜೊತೆಗೆ ಚರ್ಮದ ರಂಧ್ರಗಳೂ ಬಟ್ಟೆಯ ನೇಯ್ಗೆಯೂ ಹೋಗಿ, ನಟನಟಿಯರು ಮೇಣದ ಗೊಂಬೆಗಳಾಗುತ್ತಾರೆ. ಬ್ಲೂ-ರೇಯಲ್ಲಿ ನವಿರಾದ ಗ್ರೇನ್ ಕಂಡು 'ಪ್ರಿಂಟ್ ಚೆನ್ನಾಗಿಲ್ಲ' ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಅದು ಕೆಲಸ ಪ್ರಾಮಾಣಿಕವಾಗಿ ಆಗಿರುವುದರ ಗುರುತು.

ಮನೆಯಲ್ಲೇ ಒಂದು ಪರೀಕ್ಷೆ

ಒಂದೇ ಸಿನಿಮಾದ ಎರಡೂ ಡಿಸ್ಕ್ ಸಿಕ್ಕರೆ ಲೆಕ್ಕಗಳನ್ನೆಲ್ಲ ಬದಿಗಿಟ್ಟು ನಿಮ್ಮ ಕೋಣೆಯಲ್ಲೇ ಪರೀಕ್ಷೆ ಮಾಡಬಹುದು. ಮುಖದ ಕ್ಲೋಸಪ್ ಇದಕ್ಕೆ ಪ್ರಯೋಜನವಿಲ್ಲ, ಕ್ಲೋಸಪ್‌ನಲ್ಲಿ ಡಿವಿಡಿಯೂ ಚೆನ್ನಾಗಿಯೇ ಇರುತ್ತದೆ. ದೂರದ ದೃಶ್ಯ ಆರಿಸಿ: ಬಯಲಿನಲ್ಲಿ ನಿಂತ ಜನಸಮೂಹ, ಎಲೆ ತುಂಬಿದ ಮರ, ಬೀದಿಯ ಆ ತುದಿಯ ಕಟ್ಟಡಗಳು. ಡಿವಿಡಿಯ ಜನಸಮೂಹದಲ್ಲಿ ಹಿಂದಿನ ಸಾಲಿನವರಿಗೆ ಕಣ್ಣುಮೂಗು ಇರುವುದಿಲ್ಲ, ಕಂದು ಬಣ್ಣದ ಕಲೆಗಳಷ್ಟೇ. ಬ್ಲೂ-ರೇಯಲ್ಲಿ ಅವರು ಯಾವ ಕಡೆ ನೋಡುತ್ತಿದ್ದಾರೆ ಎಂಬುದೂ ತಿಳಿಯುತ್ತದೆ. ಬ್ಲೂ-ರೇಯನ್ನು ಅಲ್ಲಿ ತಡೆದು ನಿಲ್ಲಿಸಿ, ಟಿವಿಯ ಹತ್ತಿರ ನಿಂತು ಒಂದು ಮುಖ ಗುರುತಿಟ್ಟುಕೊಂಡು ಹಿಂದೆ ಹಿಂದೆ ಹೆಜ್ಜೆಯಿಡಿ. ಆ ಮುಖ ಕಲೆಯಾಗಿ ಕರಗುವ ಜಾಗ ನಿಮ್ಮ ಸೋಫಾಗಿಂತ ಮುಂದೆ ಇದ್ದರೆ ಬ್ಲೂ-ರೇಯ ಹೆಚ್ಚಿನ ರೆಸಲ್ಯೂಶನ್ ನಿಮಗೆ ಪೂರ್ತಿ ಸಿಗುತ್ತಿಲ್ಲ. ಸೋಫಾ ಸರಿಸಲು ಆಗುವುದಾದರೆ ಅದೂ ಖರ್ಚಿಲ್ಲದೆ ಚಿತ್ರ ಸುಧಾರಿಸುವ ಒಂದು ದಾರಿ.

2016ರಿಂದ ಬಂದಿರುವ 4ಕೆ ಅಲ್ಟ್ರಾ ಎಚ್‌ಡಿ ಬ್ಲೂ-ರೇಗೆ ಇದೇ ಅಳತೆಗೋಲು ಇನ್ನೂ ಕಠಿಣ. ಅದರ 2160 ಸಾಲುಗಳನ್ನು ಪೂರ್ತಿ ಪಡೆಯಲು ಕರ್ಣದ 0.8 ಪಟ್ಟಿನಷ್ಟು ಹತ್ತಿರ ಬೇಕು, 65 ಇಂಚಿನ ಟಿವಿಗೂ ಬರೀ ನಾಲ್ಕು ಅಡಿ ಚಿಲ್ಲರೆ. ಅದರ ನಿಜವಾದ ಲಾಭ ಸಾಲುಗಳಲ್ಲಿಲ್ಲ, ಎಚ್‌ಡಿಆರ್‌ನಲ್ಲಿದೆ. ಬೆಳಕು ಕತ್ತಲೆಯ ವ್ಯಾಪ್ತಿ ಹೆಚ್ಚು, ಪ್ರತಿ ಬಣ್ಣಕ್ಕೆ 8 ಬಿಟ್ ಬದಲು 10 ಬಿಟ್. ಇದು ಕೋಣೆಯ ಆ ತುದಿಯಿಂದಲೂ ಕಾಣುತ್ತದೆ, ಟಿವಿಗೆ ಅದನ್ನು ತೋರಿಸುವಷ್ಟು ಬೆಳಕಿನ ಶಕ್ತಿ ಇದ್ದರೆ.

ಮತ್ತೆ ಕೊಳ್ಳುವ ಸರದಿ ಬಂದಾಗ ನಾನಾದರೆ ಮೊದಲು ಎತ್ತಿಕೊಳ್ಳುವುದು ಫಿಲ್ಮಿನಲ್ಲಿ ತೆಗೆದ, ದೂರದ ದೃಶ್ಯಗಳು ತುಂಬಿರುವ, ಹೊಸ ಸ್ಕ್ಯಾನಿನಿಂದ ತಯಾರಾದ ಸಿನಿಮಾಗಳನ್ನು. ಡಿಸ್ಕಿನ ಕವರಿನ ಹಿಂದೆ ಮೂಲ ನೆಗೆಟಿವ್‌ನಿಂದ ಹೊಸ ಸ್ಕ್ಯಾನ್ ಆಗಿದೆಯೆಂದು ಹಲವು ಪ್ರಕಾಶಕರು ಅಚ್ಚು ಮಾಡಿರುತ್ತಾರೆ. ಬರೀ 'ರೀಮಾಸ್ಟರ್ಡ್' ಎಂಬ ಪದ ನನಗೆ ಸಾಲದು. ನಾಲ್ಕು ಗೋಡೆಗಳ ನಡುವೆ ಮಾತಿನಲ್ಲೇ ನಡೆಯುವ ಸಿನಿಮಾದ ಒಳ್ಳೆಯ ಅನಾಮಾರ್ಫಿಕ್ ಡಿವಿಡಿ ಇದ್ದರೆ ಅದಕ್ಕೆ ಅವಸರವಿಲ್ಲ. ಹೊಸ ಡಿಸ್ಕ್ ಬಂದ ಮೇಲೂ ಹಳೆಯದನ್ನು ಕೂಡಲೇ ಕೊಟ್ಟುಬಿಡಬೇಡಿ. ಕೆಲವು ಬ್ಲೂ-ರೇಗಳಲ್ಲಿ ಸಿನಿಮಾದ ಮೂಲ ಮೊನೊ (ಒಂದೇ ಚಾನೆಲ್‌ನ) ಧ್ವನಿಯನ್ನು ಕೈಬಿಟ್ಟು, ಸುತ್ತಲೂ ಹಲವು ಸ್ಪೀಕರ್‌ಗಳಿಗೆಂದು ಮಾಡಿದ ಹೊಸ 5.1 ಮಿಶ್ರಣವನ್ನು ಮಾತ್ರ ಇಟ್ಟಿರುತ್ತಾರೆ, ಡಿವಿಡಿಯಲ್ಲಿದ್ದ ಸಂದರ್ಶನ, ಕಾಮೆಂಟರಿಗಳೂ ಹೊಸದರಲ್ಲಿ ಇರದಿರಬಹುದು. ಎರಡೂ ಕವರುಗಳ ಹಿಂಬದಿಯನ್ನು ಪಕ್ಕಪಕ್ಕ ಇಟ್ಟು ಓದಿ, ಆಮೇಲೆ ನಿರ್ಧರಿಸಿ.